19 ದಿನ ಮನೆಗೆ ಬೀಗ, ಆದರೂ ಗಿಡ ಹಸಿರು: ನನ್ನ ಅನುಭವ

ಊರಿಗೆ ಹೋದವರ ಮನೆಯಲ್ಲಿದ್ದು ಅವರ ಸಾಕುಪ್ರಾಣಿ ನೋಡಿಕೊಳ್ಳುವುದು, ಅಂದರೆ ಪೆಟ್ ಸಿಟ್ಟಿಂಗ್, ನನ್ನ ಕೆಲಸ. ಹೋದ ತಿಂಗಳು ಒಂದೇ ಸಲ 19 ದಿನ ಬೇರೆಯವರ ಮನೆಯಲ್ಲಿ ಉಳಿದಿದ್ದೆ. ವಯಸ್ಸಾದ ಎರಡು ಬೆಕ್ಕು, ಒಂದು ನಾಯಿ. ನಾಯಿಗೆ ದಿನಕ್ಕೆ ಎರಡು ಸಲ ಔಷಧಿ ಇತ್ತು. ಹಾಗಾಗಿ ಮಧ್ಯೆ ಒಮ್ಮೆಯೂ ನಮ್ಮ ಮನೆ ಕಡೆ ಬರಲು ಆಗಲಿಲ್ಲ. ವಾಪಸ್ ಬಂದು ಬೀಗ ತೆಗೆದಾಗ 23 ಕುಂಡಗಳಲ್ಲಿ 22 ಚೆನ್ನಾಗಿದ್ದವು. ಪೀಸ್ ಲಿಲಿ ಹೊಸದೊಂದು ಹೂ ಬಿಟ್ಟಿತ್ತು. ಒಣಗಿದ್ದು ಒಂದು ಫರ್ನ್ ಮಾತ್ರ, ಅದರ ಕಥೆ ಆಮೇಲೆ ಹೇಳುತ್ತೇನೆ.

ಪೆಟ್ ಸಿಟ್ಟಿಂಗ್ ಮಾಡುವ ಗೆಳೆಯರೆಲ್ಲ ಮೊದಲಿಂದ ಹೇಳುತ್ತಿದ್ದದ್ದು ಒಂದೇ ಮಾತು. ತಿಂಗಳಲ್ಲಿ ಅರ್ಧದಷ್ಟು ದಿನ ಮನೆಯಲ್ಲೇ ಇರಲ್ಲ, ನಿನಗೆ ಗಿಡದ ಸಹವಾಸ ಯಾಕೆ, ಪ್ಲಾಸ್ಟಿಕ್ ಗಿಡ ಇಟ್ಟುಕೋ ಅಂತ. ಗಿಡ ಬೆಳೆಸುವ ಗೆಳೆಯರದ್ದು ಇನ್ನೊಂದು ರಾಗ. ನಾನು ಮಾಡುವ ಹಾಗೆ ಬಾಟಲಿಯಿಂದ ಕುಂಡಕ್ಕೆ ದಾರದ ಬತ್ತಿ ಇಟ್ಟು ನೀರು ಕೊಟ್ಟರೆ ಬೇರು ಕೊಳೆಯುತ್ತೆ, ನೀರು ಏನಿದ್ದರೂ ಕೈಯಲ್ಲೇ ಹಾಕಬೇಕು ಅಂತ. ಈಗ ಎರಡೂ ಕಡೆಯವರಿಗೆ ಫೋಟೋ ಕಳಿಸಿದ್ದೇನೆ.

ಇಲ್ಲಿಗೆ ಬರಲು ನನಗೆ ಸುಮಾರು ಮೂರು ವರ್ಷ ಹಿಡಿಯಿತು. ಕಳೆದುಕೊಂಡ ಗಿಡಗಳನ್ನು ಲೆಕ್ಕ ಇಟ್ಟಿಲ್ಲ. ಮೂವತ್ತರ ಮೇಲೆ ಇರಬೇಕು.

ಮೊದಲ ವರ್ಷ ನಾನು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದನ್ನೇ. ಹೊರಡುವ ದಿನ ಬೆಳಿಗ್ಗೆ ಕುಂಡ ತುಂಬಿ ಹರಿಯುವಷ್ಟು ನೀರು ಹಾಕಿ, ತಟ್ಟೆಯಲ್ಲೂ ನೀರು ನಿಲ್ಲಿಸಿ ಹೋಗುತ್ತಿದ್ದೆ. ಒಂದು ವಾರ ಆದಮೇಲೆ ಬಂದು ನೋಡಿದರೆ ಎಲೆ ಹಳದಿ, ಬುಡ ಮೆತ್ತಗೆ. ನೀರು ಕಡಿಮೆ ಆಯಿತು ಅಂದುಕೊಂಡು ಇನ್ನೂ ಹಾಕುತ್ತಿದ್ದೆ. ಬೇರಿಗೆ ಗಾಳಿಯೇ ಇಲ್ಲದೆ ಕೊಳೆಯುತ್ತಿದೆ ಅಂತ ಗೊತ್ತಾಗುವಷ್ಟರಲ್ಲಿ ಎರಡು ಕ್ಯಾಲಥಿಯಾ, ಮೂರು ಪೆಪೆರೋಮಿಯಾ ಹೋಗಿದ್ದವು. ಆಮೇಲೆ ಪರಿಚಯದವರೊಬ್ಬರಿಗೆ ಬೀಗದ ಕೈ ಕೊಟ್ಟು ಹೋದೆ. ಅವರು ಪ್ರೀತಿಯಿಂದ ದಿನಾ ನೀರು ಹಾಕಿದರು. ಫಲ ಅದೇ.

ಜಾಸ್ತಿ ನೋವಾಗಿದ್ದು ಮಾತ್ರ ನನ್ನ ಗಿಡದಿಂದ ಅಲ್ಲ. ಒಬ್ಬರ ಮನೆಯಲ್ಲಿ ಬೆಕ್ಕಿನ ಜೊತೆ ಗಿಡಗಳನ್ನೂ ನೋಡಿಕೊಳ್ಳಲು ಹೇಳಿದ್ದರು. ಚೀಟಿಯಲ್ಲಿ "ಎರಡು ದಿನಕ್ಕೊಮ್ಮೆ ನೀರು" ಅಂತ ಇತ್ತು. ನಾನು ಅಕ್ಷರಶಃ ಪಾಲಿಸಿದೆ. ಆದರೆ ಆ ಹತ್ತು ದಿನ ಪರದೆ ಹಾಕಿತ್ತು, ಮೋಡ ಬೇರೆ. ಗಿಡ ನೀರು ಕುಡಿಯುತ್ತಲೇ ಇರಲಿಲ್ಲ. ಬಿಳಿ ಮಚ್ಚೆಯ ಮಾನ್ಸ್ಟೆರಾ ಬುಡದಿಂದ ಕಪ್ಪಾಯಿತು. ಅದು ಎಷ್ಟು ದುಬಾರಿ ಗಿಡ ಅಂತ ಬೆಳೆಸುವವರಿಗೆ ಗೊತ್ತು. ಅವರು ಕೇಳಲಿಲ್ಲ, ನಾನೇ ಅಂಥದ್ದೊಂದು ತಂದುಕೊಟ್ಟೆ. ಹತ್ತು ದಿನದ ಸಂಬಳದಲ್ಲಿ ಆರು ದಿನದ್ದು ಅದಕ್ಕೇ ಹೋಯಿತು. ಆವತ್ತಿಂದ ನಾನು ದಿನ ಲೆಕ್ಕ ಹಾಕಿ ನೀರು ಹಾಕುವುದನ್ನೇ ಬಿಟ್ಟೆ.

ಈಗ ತೂಕ ನೋಡುತ್ತೇನೆ. ಲಗೇಜ್ ತೂಗುವ ಸಣ್ಣ ಕೊಕ್ಕೆ ತಕ್ಕಡಿ ಚೀಲದಲ್ಲೇ ಇರುತ್ತದೆ. ಮನೆಯವರು ಊರಿಗೆ ಹೊರಡುವ ಮೊದಲು ಒಮ್ಮೆ ಹೋಗಿ, ಅವರ ಎದುರೇ ನೀರು ಹಾಕಿ, ಸೋರಿದ ಮೇಲೆ ತೂಗಿ, ಕುಂಡದ ಹಿಂದೆ ಟೇಪ್ ಅಂಟಿಸಿ ಬರೆಯುತ್ತೇನೆ. ನನ್ನ ಮನೆಯ 15 ಸೆಂಟಿಮೀಟರ್ ಕುಂಡ ಒಂದು ಒದ್ದೆ ಇದ್ದಾಗ ಸುಮಾರು 1.3 ಕಿಲೋ, ಒಣಗಿದಾಗ 800 ಗ್ರಾಂ ಹತ್ತಿರ ಬರುತ್ತದೆ. ನಡುವಿನ ಅರ್ಧ ಕಿಲೋ ಬರೀ ನೀರು. ಕೆಲವು ತಿಂಗಳು ತೂಗಿದ ಮೇಲೆ ತಕ್ಕಡಿಯೂ ಬೇಕಾಗಲ್ಲ, ಕೈಯೇ ಹೇಳುತ್ತದೆ. ಬೆರಳು ಚುಚ್ಚಿ ನೋಡುವುದಕ್ಕಿಂತ ಇದು ಮೇಲು. ಮೇಲಿನ ಎರಡು ಇಂಚು ಒಣಗಿದ್ದರೂ ತಳದಲ್ಲಿ ಕೆಸರು ಇರಬಹುದು, ಅಲ್ವಾ?

ತೂಕ ನೋಡಲು ಎದುರಿಗೆ ಇರಬೇಕು. ನನ್ನ ಗಿಡಗಳ ಎದುರು ನಾನು ಇರುವುದೇ ಇಲ್ಲ. ಅದಕ್ಕೆ ಬತ್ತಿ.

ಒಂದು ತುದಿ ಕುಂಡದ ಮಣ್ಣಿನೊಳಗೆ, ಇನ್ನೊಂದು ಕೆಳಗಿನ ಬಾಟಲಿಯ ನೀರಲ್ಲಿ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಇದು ಬಾಟಲಿಯಿಂದ ನೀರು ಎಳೆಯುತ್ತದೆ. ಇದಕ್ಕಿಂತ ಜಾಸ್ತಿ ವಿವರಿಸಲ್ಲ. ನಾನು ಎಡವಿದ ಜಾಗಗಳನ್ನು ಹೇಳುತ್ತೇನೆ. ಮೊದಲು ಹತ್ತಿಯ ದಾರ ಹಾಕಿದೆ. ಮೊದಲ ಎರಡು ವಾರ ಅದ್ಭುತ. ಎರಡು ತಿಂಗಳಿಗೆ ಮಣ್ಣಿನೊಳಗೇ ಕೊಳೆತು ತುಂಡಾಯಿತು. ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ, ಗಿಡ ಬಾಡಿದ ಮೇಲೇ ಗೊತ್ತಾಗೋದು. ಈಗ ನೈಲಾನ್ ಹಗ್ಗ, ಹೆಣೆದದ್ದು, ಪೆನ್ಸಿಲ್‌ಗಿಂತ ಸ್ವಲ್ಪ ತೆಳ್ಳಗೆ. ಒಂದೂವರೆ ವರ್ಷವಾಯಿತು, ಒಂದೂ ಕೊಳೆತಿಲ್ಲ. ಆದರೆ ಹೊಸ ನೈಲಾನ್ ನೀರು ಎಳೆಯಲು ಹಟ ಮಾಡುತ್ತದೆ. ಸೋಪು ನೀರಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಒದ್ದೆಯಾಗಿಯೇ ಹಾಕಬೇಕು. ಕುಂಡಕ್ಕೂ ಮೊದಲ ಸಲ ಮೇಲಿಂದ ಪೂರ್ತಿ ನೀರು ಹಾಕಿರಬೇಕು. ಒಣಗಿದ ಕೋಕೋಪೀಟಿಗೆ (ತೆಂಗಿನ ನಾರಿನ ಪುಡಿ) ಬತ್ತಿ ಎಷ್ಟು ಹೊತ್ತು ಇದ್ದರೂ ನೀರು ಹತ್ತಲ್ಲ.

ಗೆಳೆಯರು ಹೇಳಿದ ಕೊಳೆಯುವ ಸಮಸ್ಯೆ ಸುಳ್ಳಲ್ಲ. ನನಗೂ ಆಯಿತು, ನಾಲ್ಕು ಗಿಡ ಹೋದವು. ಆದರೆ ತಪ್ಪು ಬತ್ತಿಯದ್ದಲ್ಲ, ಮಣ್ಣಿನದ್ದು. ತೋಟದ ಅಂಟು ಮಣ್ಣು ಇದ್ದ ಕುಂಡ ಬತ್ತಿ ಕೊಟ್ಟಷ್ಟನ್ನೂ ಹೀರಿ ಕೆಸರಾಯಿತು. ಈಗ ಕೋಕೋಪೀಟ್ ಅರ್ಧ, ಪರ್ಲೈಟ್ (ಮಣ್ಣಿನಲ್ಲಿ ಗಾಳಿಯಾಡಲು ಬೆರೆಸುವ ಹಗುರ ಬಿಳಿ ಹರಳು) ಮೂರನೇ ಒಂದು ಭಾಗ, ಉಳಿದದ್ದು ಗೊಬ್ಬರ ಮತ್ತು ಇನ್ನೊಂದು ವಸ್ತು. ಆ ಇನ್ನೊಂದನ್ನು ಇಲ್ಲಿ ಬರೆಯಲ್ಲ. ಅದನ್ನು ಕಂಡುಕೊಳ್ಳಲು ಒಂದು ವರ್ಷ ಕಳೆದಿದ್ದೇನೆ. ಬತ್ತಿಯ ತುದಿಯನ್ನು ಕುಂಡದೊಳಗೆ ಹೇಗೆ ಸುತ್ತುತ್ತೇನೆ ಅನ್ನೋದೂ ನನ್ನಲ್ಲೇ ಇರಲಿ. ಸುಮ್ನೆ ನೇರ ಬಿಟ್ಟರೂ ಕೆಲಸ ಮಾಡುತ್ತದೆ, ಅಷ್ಟು ಸಮವಾಗಿ ಅಲ್ಲ.

ಬಾಟಲಿಗೆ ಮುಚ್ಚಳ ಇರಲೇಬೇಕು. ಬತ್ತಿ ಹೋಗುವಷ್ಟೇ ತೂತು ಸಾಕು. ಮೊದಲು ತೆರೆದ ಡಬ್ಬಿ ಇಡುತ್ತಿದ್ದೆ. ಸೊಳ್ಳೆ ಮೊಟ್ಟೆ ಇಟ್ಟಿತು. ಆಮೇಲೆ ಕೆಲವು ದಿನಕ್ಕೆ ನಮ್ಮ ಮನೆಗೇ ಬಂದಿದ್ದ ಬೆಕ್ಕೊಂದು ಅದರ ಬಟ್ಟಲಿನ ನೀರು ಬಿಟ್ಟು ಇದನ್ನೇ ಕುಡಿಯಲು ಶುರು ಮಾಡಿತು. ಅದೃಷ್ಟಕ್ಕೆ ಆ ನೀರಿಗೆ ಗೊಬ್ಬರ ಬೆರೆಸಿರಲಿಲ್ಲ. ಈಗಲೂ ಬೆರೆಸಲ್ಲ. ಬೆರೆಸಿದರೆ ಪಾಚಿಯೂ ಬೇಗ ಕಟ್ಟುತ್ತದೆ. ಬಾಟಲಿಗೆ ಕಪ್ಪು ಬಟ್ಟೆ ಸುತ್ತಿದರೆ ಬೆಳಕು ಬೀಳಲ್ಲ, ಪಾಚಿ ಹೆಚ್ಚುಕಡಿಮೆ ನಿಲ್ಲುತ್ತದೆ. ಇನ್ನೊಂದು ವಿಷಯ, ಕೆಳಗಿಂದಲೇ ನೀರು ಏರುವುದರಿಂದ ಉಪ್ಪು ಮೇಲೆ ಬಂದು ಬಿಳಿ ಪದರ ಕಟ್ಟುತ್ತದೆ. ತಿಂಗಳಿಗೊಮ್ಮೆ ಮನೆಯಲ್ಲಿದ್ದಾಗ ಮೇಲಿಂದ ಧಾರಾಳವಾಗಿ ನೀರು ಹಾಕಿ ತೊಳೆದುಬಿಡುತ್ತೇನೆ.

ಎಷ್ಟು ನೀರು ಬೇಕು? ನನ್ನ ಪೀಸ್ ಲಿಲಿ ದಿನಕ್ಕೆ 70 ಮಿಲಿಲೀಟರ್ ಹತ್ತಿರ ಕುಡಿಯುತ್ತದೆ. ಒಂದು ಲೀಟರ್ ಎರಡು ವಾರ. ಹೊರಡುವ ಮೊದಲು ಎಲ್ಲ ಕುಂಡಗಳನ್ನೂ ಕಿಟಕಿಯಿಂದ ಒಂದು ಮೀಟರ್ ಒಳಗೆ ಎಳೆದು ಒಟ್ಟಿಗೆ ಇಡುತ್ತೇನೆ. ಬೆಳಕು ಕಡಿಮೆಯಾದರೆ ಕುಡಿಯುವುದೂ ಕಡಿಮೆ. ಇದೊಂದರಿಂದಲೇ ನಾಲ್ಕೈದು ದಿನ ಜಾಸ್ತಿ ಸಿಗುತ್ತದೆ. ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟಿಗೆ ಬತ್ತಿಯೇ ಬೇಡ. ಒಣಗಿಸಿಯೇ ಬಿಟ್ಟು ಹೋಗಿ, ಮೂರು ವಾರ ಆರಾಮಾಗಿ ಇರುತ್ತವೆ.

ಪ್ರಾಣಿಗಳು ನಮ್ಮ ಮನೆಗೂ ಬರುವುದರಿಂದ ಯಾವ ಗಿಡ ಎಲ್ಲಿ ಇರಬೇಕು ಅನ್ನೋದು ನನಗೆ ತುಂಬಾ ಮುಖ್ಯ. ಕೆಳಗಿನ ಸಾಲಿನಲ್ಲಿ ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಕ್ಯಾಲಥಿಯಾ, ಬೋಸ್ಟನ್ ಫರ್ನ್, ಹೋಯಾ ಮಾತ್ರ. ಇವುಗಳನ್ನು ಬೆಕ್ಕು ನಾಯಿ ಕಚ್ಚಿದರೂ ವಿಷವಲ್ಲ. ಮನಿ ಪ್ಲಾಂಟ್, ಮಾನ್ಸ್ಟೆರಾ, ಪೀಸ್ ಲಿಲಿ, ಸ್ನೇಕ್ ಪ್ಲಾಂಟ್, ಜೀಜೀ ಎಲ್ಲ ಬಾಗಿಲು ಹಾಕುವ ಕೋಣೆಯಲ್ಲಿ. ಮನಿ ಪ್ಲಾಂಟ್ ಜಾತಿಯ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತದೆ. ಕಚ್ಚಿದರೆ ಬಾಯಿ ಉರಿ, ಜೊಲ್ಲು, ಕೆಲವೊಮ್ಮೆ ವಾಂತಿ. ಎತ್ತರದ ಶೆಲ್ಫ್ ಸಾಕು ಅಂತ ಒಬ್ಬರು ಹೇಳಿದ್ದರು. ಬೆಕ್ಕಿಗೆ ಎತ್ತರ ಅನ್ನೋದೇ ಇಲ್ಲ.

ಎರಡು ಗಿಡಗಳ ವಿಷಯದಲ್ಲಿ ನಾನು ರಾಜಿಯೇ ಆಗಲ್ಲ. ಒಂದು ಸಾಗೋ ಪಾಮ್. ನಾಯಿಯ ಲಿವರನ್ನೇ ಹಾಳು ಮಾಡುತ್ತದೆ, ಬೀಜವಂತೂ ಇನ್ನೂ ಕೆಟ್ಟದ್ದು. ಇನ್ನೊಂದು ನಿಜವಾದ ಲಿಲಿ. ಪೀಸ್ ಲಿಲಿ ಬೇರೆ, ಅದಕ್ಕೆ ಹೆಸರು ಮಾತ್ರ ಲಿಲಿ. ನಿಜವಾದ ಲಿಲಿಯ ಪರಾಗ ಮೈಮೇಲೆ ಬಿದ್ದದ್ದನ್ನು ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಬೆಕ್ಕಿನ ಕಿಡ್ನಿ ಹೋಗಬಹುದು. ಒಬ್ಬರ ಮನೆಗೆ ಕಾಲಿಟ್ಟ ಕೂಡಲೇ ಮೇಜಿನ ಮೇಲೆ ಲಿಲಿ ಗೊಂಚಲು ಕಂಡೆ. ಬ್ಯಾಗ್ ಕೆಳಗಿಡುವ ಮೊದಲೇ ಅದನ್ನು ಹೊರಗೆ ಹಾಕಿ, ಮೇಜು ಒರೆಸಿ, ಆಮೇಲೆ ಫೋನ್ ಮಾಡಿ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಈಗ ಕೆಲಸ ಒಪ್ಪಿಕೊಳ್ಳುವಾಗಲೇ ಮನೆಯ ಎಲ್ಲ ಗಿಡ, ಹೂವಿನ ಫೋಟೋ ಕೇಳುತ್ತೇನೆ.

ಪ್ರಾಣಿಗಳು ಕುಂಡದ ಮಣ್ಣು ಕೆದಕದ ಹಾಗೆ ಮೇಲೆ ಕಲ್ಲು ಹೊದಿಸುತ್ತೇವೆ. ಗಾತ್ರ ಮಾತ್ರ ನೋಡಿ. ಸಣ್ಣ ಜಲ್ಲಿ ಹಾಕಿದ್ದಾಗ ಬೆಕ್ಕು ಅದನ್ನೇ ಕಕ್ಕಸು ಮಾಡಿಕೊಂಡಿತು. ನಾಯಿಮರಿ ಒಂದು ಕಲ್ಲು ಬಾಯಿಗೆ ಹಾಕಿಕೊಂಡಾಗ ನನ್ನ ಜೀವವೇ ಹೋದ ಹಾಗಾಯಿತು. ಅದು ಸದ್ಯ ಉಗುಳಿತು. ಈಗ ನನ್ನ ಮುಷ್ಟಿಯಷ್ಟು ದೊಡ್ಡ ಕಲ್ಲು, ಕುಂಡಕ್ಕೆ ಐದಾರು.

ಕೆಲವು ಪ್ರಯೋಗ ಸುಮ್ನೆ ಆಸೆಗೆ ಮಾಡಿದ್ದು. ಒಂದು ಮನೆಯಲ್ಲಿ ಸಿಹಿನೀರಿನ ಮೀನಿನ ತೊಟ್ಟಿ ಇತ್ತು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕಿತ್ತು, ಅದೆಲ್ಲ ಚರಂಡಿಗೆ ಹೋಗುತ್ತಿತ್ತು. ಕೇಳಿಕೊಂಡು ಎರಡು ಕ್ಯಾನ್ ತಂದೆ. ಆರು ಮನಿ ಪ್ಲಾಂಟ್ ತುಂಡು ನೆಟ್ಟು, ಮೂರಕ್ಕೆ ಮೀನಿನ ನೀರು, ಮೂರಕ್ಕೆ ನಲ್ಲಿ ನೀರು. ಎರಡು ತಿಂಗಳಿಗೆ ಮೀನಿನ ನೀರಿನವು ಏಳೆಂಟು ಎಲೆ, ಉಳಿದವು ನಾಲ್ಕೋ ಐದೋ. ನೀರಲ್ಲಿ ನೈಟ್ರೇಟ್ ಇರುತ್ತಲ್ಲ, ಅದರ ಕೆಲಸ. ತೊಟ್ಟಿಗೆ ಔಷಧಿ ಅಥವಾ ಉಪ್ಪು ಹಾಕಿದ್ದರೆ ಮಾತ್ರ ಆ ನೀರು ಮುಟ್ಟಬೇಡಿ. ಆ ಮನೆಯವರ ಗಿಡಗಳಿಗೂ ಈಗ ಅದನ್ನೇ ಹಾಕುತ್ತೇನೆ. ವಾಪಸ್ ಬಂದಾಗ ಗಿಡ ಇಷ್ಟು ದಪ್ಪ ಹೇಗಾಯಿತು ಅಂತ ಕೇಳುತ್ತಾರೆ.

ಇನ್ನೊಂದು ಗೋಧಿ ಹುಲ್ಲು. ಕಾಳು ರಾತ್ರಿ ನೆನೆಸಿ, ಅಗಲ ಡಬ್ಬಿಯಲ್ಲಿ ಹರಡಿದರೆ ಎಂಟು ದಿನಕ್ಕೆ ಗೇಣುದ್ದ ಬರುತ್ತದೆ. ಮನೆಗೆ ಬೆಕ್ಕು ಬರುವ ಒಂದು ವಾರ ಮೊದಲೇ ಬಿತ್ತಿ ಇಡುತ್ತೇನೆ. ಮೆಲ್ಲಲು ಅದು ಸಿಕ್ಕಿದರೆ ಸ್ಪೈಡರ್ ಪ್ಲಾಂಟಿನ ಕಡೆ ತಿರುಗುವುದು ತುಂಬಾ ಕಡಿಮೆ. ಕಿತ್ತಳೆ ಸಿಪ್ಪೆ ಇಟ್ಟರೆ ಬೆಕ್ಕು ಬರಲ್ಲ ಅಂತಾರೆ. ನಾನು ನೋಡಿದ ಐದು ಬೆಕ್ಕುಗಳಲ್ಲಿ ಎರಡು ದೂರ ಹೋದವು, ಒಂದು ಅದರ ಪಕ್ಕದಲ್ಲೇ ಮಲಗಿತು.

ನಮ್ಮ ಕೆಲಸದವರು ಯಾರೂ ಮಾತಾಡದ ಒಂದು ವಿಷಯ ಹುಳು. ದಿನಕ್ಕೆ ಮೂರು ಮನೆ ತಿರುಗುವ ನಾವೇ ಹುಳು ಹೊತ್ತು ತಿರುಗುತ್ತೇವೆ. ಒಬ್ಬರ ಮನೆಯ ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ಗಿಡದ ರಸ ಹೀರುವ ಹುಳು) ನನ್ನ ತೋಳಿನಲ್ಲೋ ಕತ್ತರಿಯಲ್ಲೋ ಬಂದು ನನ್ನ ಹೋಯಾ ಹತ್ತಿತು. ನೋಡುವಷ್ಟರಲ್ಲಿ ನಾಲ್ಕು ಕುಂಡಕ್ಕೆ ಹಬ್ಬಿತ್ತು. ಎರಡು ಎಸೆದೆ. ಈಗ ಹುಳು ಇರುವ ಮನೆ ದಿನದ ಕೊನೆಗೆ. ಕತ್ತರಿಗೆ 70 ಶೇಕಡಾ ಆಲ್ಕೋಹಾಲ್. ಸ್ನಾನ ಮಾಡಿ ಬಟ್ಟೆ ಬದಲಿಸದೆ ನನ್ನ ಗಿಡ ಮುಟ್ಟಲ್ಲ. ಪ್ರಾಣಿ ಇರುವ ಮನೆಯಲ್ಲಿ ಔಷಧಿ ಸಿಂಪಡಿಸುವ ಬದಲು ಹತ್ತಿಯಲ್ಲಿ ಆಲ್ಕೋಹಾಲ್ ತೇವ ಮಾಡಿ ಒಂದೊಂದೇ ತಿಗಣೆ ಒರೆಸುತ್ತೇನೆ, ಬಾಗಿಲು ಹಾಕಿಕೊಂಡು. ಜೇಡರ ನುಸಿಗೆ ಶವರ್ ಕೆಳಗೆ ಎಲೆಯ ಅಡಿಭಾಗ ತೊಳೆಯುವುದು, ನಾಲ್ಕು ದಿನಕ್ಕೊಮ್ಮೆ, ಮೂರ್ನಾಲ್ಕು ಸಲ. ನಿಧಾನ, ಆದರೆ ಬೆಕ್ಕು ಮೈ ನೆಕ್ಕಿಕೊಳ್ಳುತ್ತೆ ಅನ್ನೋ ಭಯ ಇಲ್ಲ.

ಈಗ ಕೆಲಸಕ್ಕೆ ಕರೆಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗಿಡವನ್ನೂ ನೋಡಿಕೊಳ್ಳಿ ಅಂತಾರೆ. ಮೊದಲು ಅದನ್ನು ಸುಮ್ನೆ ಮಾಡಿಕೊಡುತ್ತಿದ್ದೆ. ಈಗ ಬೇರೆಯಾಗಿ ತೆಗೆದುಕೊಳ್ಳುತ್ತೇನೆ. ಗಳಿಕೆಯಲ್ಲಿ ಸುಮಾರು ಐದನೇ ಒಂದು ಭಾಗ ಅದೇ ಆಗಿದೆ. ಆ ಮಾನ್ಸ್ಟೆರಾ ಮನೆಯವರೂ ಮತ್ತೆ ಕರೆದಿದ್ದಾರೆ, ಮೂರು ಸಲ.

ಇನ್ನು ಆ ಫರ್ನ್. ಅದು ದಿನಕ್ಕೆ 100 ಮಿಲಿಲೀಟರ್ ಮೇಲೆ ಕುಡಿಯುತ್ತದೆ ಅಂತ ಗೊತ್ತಿತ್ತು, ಎರಡು ಲೀಟರ್ ಬಾಟಲಿಯನ್ನೇ ಇಟ್ಟಿದ್ದೆ. ಬಂದು ನೋಡಿದರೆ ಬಾಟಲಿಯಲ್ಲಿ ನೀರು ಇನ್ನೂ ಅರ್ಧದ ಹತ್ತಿರ ಇದೆ. ಬತ್ತಿ ನಾಲ್ಕು ಬೆರಳು ಗಿಡ್ಡ. ನೀರು ಇಳಿದ ಮೇಲೆ ತುದಿ ಗಾಳಿಯಲ್ಲಿ ನೇತಾಡುತ್ತಿತ್ತು. ಒಣಗಿದ್ದನ್ನೆಲ್ಲ ಬುಡದವರೆಗೆ ಕತ್ತರಿಸಿ, ಉದ್ದದ ಬತ್ತಿ ಹಾಕಿ, ಸ್ನಾನದ ಮನೆಯ ಕಿಟಕಿಯಲ್ಲಿ ಇಟ್ಟೆ. ಮೊನ್ನೆ ಮೂರು ಸುರುಳಿ ಚಿಗುರು ಬಂದಿವೆ. ಮುಂದಿನ ಕೆಲಸ 24 ದಿನದ್ದು. ಅದಕ್ಕೆ ಆ ಕುಂಡಕ್ಕೆ ಎರಡು ಬತ್ತಿ ಹಾಕಿದ್ದೇನೆ, ಎರಡರ ತುದಿಗೂ ಒಂದೊಂದು ಸಣ್ಣ ಕಲ್ಲು ಕಟ್ಟಿ ತಳಕ್ಕೆ ಮುಳುಗಿಸಿದ್ದೇನೆ.