ಹಳೇ ಇಟ್ಟಿಗೆ ಚಿಮಣಿಗೆ ಸಿಮೆಂಟ್ ಬಳಿಸಬೇಡಿ

ಮಡಿಕೇರಿ, ಮೂಡಿಗೆರೆ ಕಡೆ ಫೈರ್‌ಪ್ಲೇಸ್ ಇರುವ ಹಳೇ ಎಸ್ಟೇಟ್ ಬಂಗಲೆಗಳು ಇನ್ನೂ ಇವೆ. ಹೆಂಚಿನ ಮೇಲೆ ಎದ್ದು ನಿಂತ ಚಿಮಣಿಗೆ ನಾಲ್ಕೂ ಕಡೆಯಿಂದ ಇರಚಲು ಹೊಡೆಯುತ್ತದೆ. ಮಡಿಕೇರಿಯಲ್ಲಂತೂ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ಸೋರಿದ ಕೂಡಲೇ ಮೇಸ್ತ್ರಿಯನ್ನು ಕರೆದು ಸಿಮೆಂಟ್ ಬಳಿಸುವುದು ರೂಢಿ. ದಯವಿಟ್ಟು ಹಾಗೆ ಮಾಡಬೇಡಿ.

ಹಳೇ ಇಟ್ಟಿಗೆ ಮೆದು. ಅದನ್ನು ಕಟ್ಟಿರುವುದು ಸುಣ್ಣದ ಗಾರೆಯಲ್ಲಿ. ಒಳಗೆ ಇಳಿದ ನೀರು ಆ ಸಂದುಗಳಿಂದಲೇ ಆರಿ ಹೋಗುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ತೇವವೆಲ್ಲ ಇಟ್ಟಿಗೆಯಿಂದಲೇ ಹೊರಬರಬೇಕು. ಅದರ ಜೊತೆ ಬಂದ ಉಪ್ಪು ಮೇಲೆ ಬಿಳಿ ಪುಡಿಯಾಗಿ ಕಾಣುತ್ತದೆ, ಒಳಗೆ ಹರಳುಗಟ್ಟುತ್ತದೆ. ಕೊನೆಗೆ ಇಟ್ಟಿಗೆಯ ಮೈ ಹಕ್ಕಳೆ ಎದ್ದು ಉದುರುತ್ತದೆ. ಹತ್ತಿರ ಹೋಗಿ ನೋಡಿ: ಸಿಮೆಂಟ್ ಗೆರೆಗಳು ಉಬ್ಬಿ ನಿಂತಿರುತ್ತವೆ, ನಡುವಿನ ಇಟ್ಟಿಗೆ ಗುಳಿ ಬಿದ್ದಿರುತ್ತದೆ.

ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಹೆಂಚಿನ ಮೇಲೆ ಹತ್ತಿಸಬೇಡಿ, ಸಾರುವೆ ಕಟ್ಟಿಸಿ.

ಮೊದಲು ಚಿಮಣಿಯ ತಲೆ. ಮೇಲಿನ ಹಾಸು ಬಿರುಕು ಬಿಟ್ಟಿದ್ದರೆ ಹೊಸದಾಗಿ ಹಾಕಿಸಿ. ಅದು ಹೊರಕ್ಕೆ ಇಳಿಜಾರಾಗಿರಲಿ, ಗೋಡೆಯಿಂದ ಸುಮಾರು 5 ಸೆಂ.ಮೀ. ಮುಂದಕ್ಕೆ ಚಾಚಿರಲಿ. ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ; ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಬಾಯಿಗೆ ಜಾಲರಿ ಇರುವ ಟೋಪಿ ಹಾಕಿಸಿ.

ನಂತರ ಸಂದುಗಳು. ಸಡಿಲವಾದ ಗಾರೆಯನ್ನು ಉಳಿ, ಸುತ್ತಿಗೆಯಿಂದ 2 ಸೆಂ.ಮೀ.ನಷ್ಟು ಆಳಕ್ಕೆ ಕೆತ್ತಿ ತೆಗೆಸಿ. ಗ್ರೈಂಡರ್ ಬೇಡ, ಇಟ್ಟಿಗೆಯ ಅಂಚು ಹಾಳಾಗುತ್ತದೆ. ದೂಳು ಗುಡಿಸಿ, ನೀರು ಚಿಮುಕಿಸಿ. ಅರಳಿಸಿದ ಸುಣ್ಣ 1 ಪಾಲು, ಮರಳು 3 ಪಾಲು. ಮರಳಿನಲ್ಲಿ ಸ್ವಲ್ಪ ತೆಗೆದು ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಸೇರಿಸಿದರೆ ತೇವದ ಜಾಗದಲ್ಲೂ ಗಾರೆ ಚೆನ್ನಾಗಿ ಗಟ್ಟಿಯಾಗುತ್ತದೆ. ಒತ್ತಿ ತುಂಬಿದ ಮೇಲೆ ಒಂದು ವಾರವಾದರೂ ಒದ್ದೆ ಗೋಣಿ ಇಳಿಬಿಡಿ. ಬಿಸಿಲಿಗೆ ಬೇಗ ಒಣಗಿದ ಸುಣ್ಣ ಪುಡಿ ಪುಡಿಯಾಗುತ್ತದೆ, ಇಲ್ಲಿ ಅವಸರ ಮಾಡಲೇಬಾರದು.

ಹೆಂಚು ಚಿಮಣಿಗೆ ತಾಗುವ ಕಡೆ ಸೋರಿಕೆ ಜಾಸ್ತಿ. ಅಲ್ಲಿ ಸುಮ್ನೆ ಟಾರ್ ಮೆತ್ತಿದರೆ ಸಾಲದು. ಸೀಸದ ಅಥವಾ ಅಲ್ಯೂಮಿನಿಯಂ ತಗಡಿನ ಮೇಲಂಚನ್ನು ಇಟ್ಟಿಗೆ ಸಂದಿನೊಳಗೆ ಸಿಕ್ಕಿಸಿ, ಕೆಳಭಾಗವನ್ನು ಹೆಂಚಿನ ಮೇಲೆ ಮಡಚಬೇಕು.

ಪ್ಲಾಸ್ಟಿಕ್‌ನಂತೆ ಪದರ ಕಟ್ಟುವ ವಾಟರ್‌ಪ್ರೂಫ್ ಪೇಂಟ್ ಬೇಡ. ಏನಾದರೂ ಹಚ್ಚಲೇಬೇಕು ಎಂದರೆ, ರಿಪೇರಿ ಮುಗಿದು ಗೋಡೆ ಪೂರ್ತಿ ಒಣಗಿದ ಮೇಲೆ ಸಿಲೇನ್–ಸಿಲಾಕ್ಸೇನ್ ದ್ರಾವಣ ಹಚ್ಚಿಸಿ. ಅದು ಮಳೆನೀರನ್ನು ತಡೆಯುತ್ತದೆ, ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ.

ಬೆಂಕಿ ಹಾಕುವುದನ್ನೇ ನಿಲ್ಲಿಸಿದ್ದೀರಾ? ಆದರೂ ಚಿಮಣಿಯ ಬಾಯಿ ಮುಚ್ಚಿಸಬೇಡಿ. ಮೇಲೆ ಟೋಪಿಯಡಿ, ಕೆಳಗೆ ಒಲೆಯ ಹತ್ತಿರ ಗಾಳಿ ಓಡಾಡಲು ಜಾಗ ಬಿಡಿ.