ಕಾರ್ಖಾನೆಯ ಗೆರೆ ಮತ್ತು ನನ್ನ ಏಳೂವರೆ ಸೆಂಟಿಮೀಟರ್

ನನ್ನ ಗ್ಯಾರೇಜಿನ ಗೋಡೆಗೆ ಒಂದು ಜೊತೆ ಹಳೆಯ ಸ್ಕೀ ಒರಗಿ ನಿಂತಿದೆ. ಒಂದೊಂದರಲ್ಲಿ ಇಪ್ಪತ್ನಾಲ್ಕು ತೂತು. ಬೂಟನ್ನು ಸ್ಕೀಗೆ ಬಿಗಿಯುವ ಬೈಂಡಿಂಗ್‌ಗೆ ಬೇಕಾದದ್ದು ಎಂಟೇ. ಮೂರನೆಯ ಸಲ ಕೊರೆಸಲು ಒಯ್ದಾಗ ಅಂಗಡಿಯ ಹಿರಿಯ ಮೆಕ್ಯಾನಿಕ್ ಸ್ಕೀಯನ್ನು ತಿರುಗಿಸಿ ನೋಡಿ, "ಇದು ಸ್ಕೀಯೋ, ಜರಡಿಯೋ?" ಎಂಬ ಅರ್ಥ ಬರುವಂತೆ ಏನೋ ಹೇಳಿ ವಾಪಸು ಕೊಟ್ಟರು. ಆ ಎಂಟನ್ನು ನಾನೇ ಕೊರೆದೆ. ಬೂಟು ಸ್ಕೀಯ ಮೇಲೆ ಎಲ್ಲಿ ಕೂರಬೇಕು ಎಂಬ ನನ್ನ ಪ್ರಯೋಗ ಅಲ್ಲಿಂದಲೇ ಶುರುವಾಯಿತು.

ಹಾಸನದ ಕಡೆಯವನು ನಾನು. ಹಿಮ ಎಂದರೆ ಫ್ರಿಜ್ಜಿನ ಮೇಲಿನ ಖಾನೆ ಎಂದುಕೊಂಡು ಬೆಳೆದವನು. ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಬಂದು ಮೂವತ್ತೆರಡು ದಾಟಿದ ಮೇಲೆ ಸ್ಕೀ ಕಲಿತೆ. ಎತ್ತರ 168 ಸೆಂ.ಮೀ., ತೂಕ ಅರವತ್ತಾರು ಕಿಲೋ, ಬೂಟಿನ ಅಟ್ಟೆ 296 ಮಿ.ಮೀ. ಈ ಕೊನೆಯ ಅಂಕಿ ಮುಖ್ಯ. ನಾವೆಲ್ಲ ಬೂಟಿನ ನಡುಗುರುತನ್ನು ಕಾರ್ಖಾನೆಯವರು ಸ್ಕೀಯ ಮೇಲೆ ಹಾಕಿದ ಗೆರೆಗೆ ಕೂಡಿಸುತ್ತೇವೆ. ಆದರೆ ಸ್ಕೀಯನ್ನು ತಿರುಗಿಸುವುದು ಹೆಬ್ಬೆರಳಿನ ಬುಡದ ದಿಂಬೇ ಹೊರತು ಅಟ್ಟೆಯ ನಡುವಲ್ಲ. ಪಾದ ಚಿಕ್ಕದಾದಷ್ಟು ಆ ದಿಂಬು ನಡುಗುರುತಿಗೆ ಹತ್ತಿರ. ಅಂದರೆ ಅದೇ ಗೆರೆಯ ಮೇಲೆ ನಿಂತರೂ ದೊಡ್ಡ ಕಾಲಿನವರಿಗಿಂತ ನಾನು ಹಿಂದೆ ನಿಂತ ಹಾಗೆ.

ಇದನ್ನು ಹೇಳಿದಾಗ ದಾವಣಗೆರೆಯ ಗೆಳೆಯ ನಕ್ಕ. "ಒಂದು ಸೆಂಟಿಮೀಟರಿಗೆ ಇಷ್ಟು ದೊಡ್ಡ ರಾಮಾಯಣವೇ? ಗೆರೆ ಹಾಕಿದ ಎಂಜಿನಿಯರ್ ದಡ್ಡನೇನೋ?"

ದಡ್ಡನಲ್ಲ. ಅವನು ನನಗಾಗಿ ಗೆರೆ ಹಾಕಲಿಲ್ಲ, ಅಷ್ಟೆ.

ಮೊದಲು ಸೋಲಿನ ಲೆಕ್ಕ. ಮೊದಲನೆಯದು ಟೇಪಿನ ತಪ್ಪು. ಡ್ರಿಲ್ ಬಿಟ್ಟಿಗೆ ತಡೆಯಾಗಿ ಟೇಪು ಸುತ್ತಿದ್ದೆ. ಐದನೆಯ ತೂತಿಗೆ ಟೇಪು ಬಿಸಿಯಾಗಿ ಜಾರಿತು. ತಳದಲ್ಲಿ ಮೊಡವೆಯಂತೆ ಒಂದು ಉಬ್ಬು ಎದ್ದಿತು, ಈಗಲೂ ಇದೆ. ಎರಡನೆಯದು ಬಿಟ್ಟಿನ ತಪ್ಪು. ಲೋಹದ ಹಾಳೆ ಇರುವ ಸ್ಕೀಗೆ 4.1 ಮಿ.ಮೀ. ಬೇಕು ಎಂದು ಸ್ಕೀಯ ಮೇಲೇ ಅಚ್ಚಾಗಿದ್ದರೂ ಕೈಗೆ ಸಿಕ್ಕ 3.5ರಲ್ಲಿ ಕೊರೆದೆ. ಸ್ಕ್ರೂ ಅರ್ಧಕ್ಕೆ ಬಿಗಿದು ತಲೆ ಸವೆದುಹೋಯಿತು. ಮೂರನೆಯದು ಎಲ್ಲಕ್ಕಿಂತ ನಾಚಿಕೆಗೇಡು. ಮೂತಿಯ ಬಾಗಿನ ಜೊತೆಗೇ ಟೇಪು ಎಳೆದು ಉದ್ದ ಅಳೆದಿದ್ದೆ. ಮೂತಿಯಿಂದ ಬಾಲಕ್ಕೆ ಗಾಳಿಯಲ್ಲಿ ನೇರವಾಗಿ ಎಳೆದರೆ ಬರುವ ಅಳತೆಯೇ ಬೇರೆ. ಸ್ಕೀಯ ಮೇಲೆ ಅಚ್ಚಾದ ಉದ್ದವನ್ನಂತೂ ನಂಬಲೇಬೇಡಿ. ಈ ಮೂರು ಪಾಠಕ್ಕೆ ಆದ ಖರ್ಚು ಸುಮಾರು 380 ಡಾಲರಿನ ಸ್ಕೀ, ಜೊತೆಗೆ ಅಂಗಡಿಗೆ ಎರಡು ಸಲ ಕೊಟ್ಟ ಎಪ್ಪತ್ತೆಪ್ಪತ್ತು. ಮನೆಯಲ್ಲಿ ಹೇಳಿದ ಲೆಕ್ಕ ಇದಕ್ಕಿಂತ ಕಡಿಮೆ.

ಡೆಮೊ ಬೈಂಡಿಂಗ್ ಹೊಳೆದದ್ದು ಆಮೇಲೆ. ಬಾಡಿಗೆ ಸ್ಕೀಗಳಲ್ಲಿ ಇರುತ್ತದಲ್ಲ, ಹಳಿಯ ಮೇಲೆ ಹಿಂದೆ ಮುಂದೆ ಸರಿಯುವಂಥದ್ದು. ಭಾರ ಹೆಚ್ಚು, ಕಾಲು ಸ್ವಲ್ಪ ಎತ್ತರದಲ್ಲಿ ಕೂರುತ್ತದೆ, ಕೆಲವರಿಗೆ ಅಲುಗಾಟವೂ ತಿಳಿಯುತ್ತದೆ. ಆದರೆ ಲಿಫ್ಟಿನ ಬುಡದಲ್ಲೇ ಜಾಗ ಬದಲಿಸಬಹುದು. ಹಳೆಯದೊಂದು ಜೊತೆ 120 ಡಾಲರಿಗೆ ಸಿಕ್ಕಿತು. ಅದರ ತೂತುಗಳು ಕೊನೆಗೆ ಹಾಕುವ ಬೈಂಡಿಂಗ್‌ನ ತೂತುಗಳಿಗೆ ಅಡ್ಡಬರದಂತೆ ಮೊದಲೇ ಕಾಗದದ ಮೇಲೆ ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿಕೊಂಡೆ. ಯಾವ ಜೋಡಿ ಹೊಂದುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ರಾತ್ರಿ ಕೂತು ಹುಡುಕಿದ್ದೇನೆ, ನೀವೂ ಹುಡುಕಿ.

ಆ ಚಳಿಗಾಲ 2022-23. ಇಲ್ಲಿನ ಆಲ್ಟಾ ಸ್ಕೀ ತಾಣದಲ್ಲಿ 903 ಇಂಚು ಹಿಮ ಬಿದ್ದ ವರ್ಷ. ಹಿಮಕುಸಿತದ ಭಯಕ್ಕೆ ಅಲ್ಲಿಗೆ ಹೋಗುವ ಲಿಟಲ್ ಕಾಟನ್‌ವುಡ್ ಕಣಿವೆಯ ರಸ್ತೆ ಪದೇ ಪದೇ ಮುಚ್ಚುತ್ತಿತ್ತು. ತೆರೆದ ದಿನ ಮಾತ್ರ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಮೊದಲು ಎಲ್ಲ ಬಗೆಯ ಹಿಮಕ್ಕೂ ಆಗುವ ಆಲ್-ಮೌಂಟನ್ ಸ್ಕೀ: 180 ಸೆಂ.ಮೀ. ಉದ್ದ, ಪಾದದಡಿ 102 ಮಿ.ಮೀ. ಕಾರ್ಖಾನೆಯ ಗೆರೆ ಸ್ಕೀಯ ಉದ್ದದ ನಡುಮಧ್ಯಕ್ಕಿಂತ ಸುಮಾರು 9 ಸೆಂ.ಮೀ. ಹಿಂದೆ. ಗೆರೆಯ ಮೇಲಿಟ್ಟಾಗ ಸ್ಕೀ ತುಳಿತಕ್ಕೆ ಎದ್ದ ಹಿಮದಿಬ್ಬಗಳಾದ ಮೊಗಲ್‌ಗಳಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸ್ಥಿತಿ. ಮೂತಿ ತಿರುಗಲು ಹೊರಟಿತು, ಬಾಲ ಹಿಂದಿನ ಗುಂಡಿಯಲ್ಲೇ ಉಳಿಯಿತು. ಮೂರು ಸೆಂ.ಮೀ. ಮುಂದೆ ತಂದೆ. ಬುಗುರಿಯಂತೆ ತಿರುಗಿತು. ಮಧ್ಯಾಹ್ನ ಹಿಮ ಒಡೆದು ಗಡ್ಡೆಗಡ್ಡೆಯಾದಾಗ ಅದೇ ಸ್ಕೀಯ ಮೂತಿ ಸಿಕ್ಕಿಕೊಂಡು, ಕಾಲಿನ್ಸ್ ಲಿಫ್ಟಿನ ಕೆಳಗೆ ಎಲ್ಲರ ಎದುರು ಲಾಗ ಹಾಕಿದೆ. ಆ ಮೂರನ್ನು ಒಂದೂವರೆ ಸೆಂ.ಮೀ.ಗೆ ಇಳಿಸಿದಾಗ ನೆಮ್ಮದಿ.

ಆಮೇಲೆ ಹೊಸ ಮೆದು ಹಿಮಕ್ಕೆಂದೇ ಮಾಡಿದ ಪೌಡರ್ ಸ್ಕೀ, 184 ಉದ್ದ, 116 ಅಗಲ, ಮೂತಿ ಬಾಲ ಎರಡರಲ್ಲೂ ಧಾರಾಳ ರಾಕರ್, ಅಂದರೆ ಮೇಲ್ಮುಖ ಬಾಗು. ಗೆರೆಯೇ ಮುಂದಿತ್ತು, ನಡುಮಧ್ಯದಿಂದ 6 ಮಾತ್ರ ಹಿಂದೆ. ಇದೂ ಮುಂದಕ್ಕೇ ಬೇಕು ಎಂದು ಹಟ ಹಿಡಿದೆ, ನನ್ನದೇ ಸಿದ್ಧಾಂತವಲ್ಲವೇ! ಮೊಣಕಾಲುದ್ದದ ಹೊಸ ಹಿಮದಲ್ಲಿ ಮೂತಿ ಮುಳುಗುತ್ತಲೇ ಹೋಯಿತು. ಹಿಂದಕ್ಕೆ ವಾಲಿ ವಾಲಿ ತೊಡೆ ಉರಿಯಿತು. ಗೆರೆಗಿಂತ ಎರಡೂವರೆ ಹಿಂದೆ ಇಟ್ಟರೆ ದೋಣಿಯಂತೆ ತೇಲಿತು, ಮರಗಳ ನಡುವೆ ಮಾತ್ರ ಬಾಲ ಬಿಡಲೊಲ್ಲದು. ಒಂದು ಸೆಂ.ಮೀ. ಹಿಂದೆ ಇಟ್ಟ ದಿನ ಹೈ ರಸ್ಲರ್ ಎಂಬ ಕಡಿದಾದ ಇಳಿಜಾರು ಇಳಿದು ಬಂದು ಮತ್ತೆ ಹಳಿ ಮುಟ್ಟಲಿಲ್ಲ.

ಮಧ್ಯೆ ಒಂದು ವಾರ ದಾರಿ ತಪ್ಪಿದ್ದೂ ಉಂಟು. ಬೈಂಡಿಂಗ್‌ನ ಮುಂಭಾಗದ ಅಡಿಗೆ 3 ಮಿ.ಮೀ. ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಬೆರಳ ಭಾಗ ಎತ್ತರಿಸಿದೆ, ಉದ್ದದ ಸ್ಕ್ರೂ ಹಾಕಿ. ಒಂದು ಸೆಂ.ಮೀ. ಹಿಂದೆ ಸರಿದಂತೆಯೇ ಅನಿಸಿತು! ಆ ಕಥೆ ಬೇರೆ, ಇನ್ನೂ ಮುಗಿದಿಲ್ಲ.

ಏಪ್ರಿಲ್‌ನಲ್ಲಿ ಎರಡೂ ಅಂಕಿಗಳನ್ನು ನಡುಮಧ್ಯದಿಂದ ಲೆಕ್ಕ ಹಾಕಿದೆ. ಒಂದು ಏಳೂವರೆ, ಇನ್ನೊಂದು ಏಳು. ಗೆರೆಯಿಂದ ನೋಡಿದರೆ ಒಂದು ಮುಂದೆ, ಒಂದು ಹಿಂದೆ. ನಡುಮಧ್ಯದಿಂದ ನೋಡಿದರೆ ಹೆಚ್ಚುಕಡಿಮೆ ಒಂದೇ ಜಾಗ. ಎರಡು ವರ್ಷ ನಾನು ತಪ್ಪು ಕಡೆಯಿಂದ ಅಳೆಯುತ್ತಿದ್ದೆ.

ಮೂರನೆಯ ಸ್ಕೀಯನ್ನು ಸೀಸನ್ ಕೊನೆಯ ರಿಯಾಯಿತಿಯಲ್ಲಿ 450ಕ್ಕೆ ಕೊಂಡೆ. ಪಾದದಡಿ 96, ಲೋಹದ್ದು, ಗೆರೆ ಹತ್ತೂವರೆ ಹಿಂದೆ. ಗೆಳೆಯ, ಅಂಗಡಿಯವರು ಎಲ್ಲರೂ ಬೇಡ ಎಂದರು. ಹಳಿ, ಪರೀಕ್ಷೆ ಯಾವುದೂ ಇಲ್ಲದೆ ನೇರ ಏಳೂವರೆಗೆ ಕೊರೆದೆ. ಮೊದಲು ಕಪ್ಪು ಹೊದಿಕೆಯ ಪುಡಿ, ಆಮೇಲೆ ಬೆಳ್ಳಿಯ ಬಣ್ಣದ ಸುರುಳಿ, ಕೊನೆಗೆ ಕೊಬ್ಬರಿ ತುರಿಯಂಥ ಮರ ಬಂದಾಗ ತಡೆಗೆ ತಾಗಿ ನಿಂತಿತು, ಸರಿಯಾಗಿ 9 ಮಿ.ಮೀ. ತೂತಿಗೆ ಮರದ ಅಂಟು ಹಾಕಿ, ಸ್ಕ್ರೂಗಳನ್ನು ಕೈಯಲ್ಲೇ ತಿರುಗಿಸಿದೆ. ಕಾಗದದ ನಕ್ಷೆ ಕೂದಲೆಳೆಯಷ್ಟೂ ಕದಲದಂತೆ ಹಿಡಿಯಲು ನನ್ನದೊಂದು ಉಪಾಯವಿದೆ, ಅದೂ ಸದ್ಯ ನನ್ನಲ್ಲೇ ಇರಲಿ. ಬಿದ್ದಾಗ ಬೈಂಡಿಂಗ್ ಬೂಟನ್ನು ಬಿಟ್ಟುಕೊಡುತ್ತದೆಯೇ ಎಂಬ ಪರೀಕ್ಷೆಗೆ ಮಾತ್ರ ಅಂಗಡಿಗೇ ಒಯ್ದೆ. ಮೊಣಕಾಲಿನ ವಿಷಯದಲ್ಲಿ ಜಿಪುಣತನ ಮಾಡುವುದಿಲ್ಲ.

ಅತಿವೇಗದಲ್ಲಿ ಯಂತ್ರದಿಂದ ಹದಮಾಡಿದ ಗಟ್ಟಿ ಇಳಿಜಾರಿನ (ಗ್ರೂಮರ್) ಮೇಲೆ ಮೂತಿ ತುಸು ಚಡಪಡಿಸುತ್ತದೆ, ಸುಳ್ಳು ಹೇಳುವುದಿಲ್ಲ. ಉಳಿದೆಡೆ ಎರಡು ಸೀಸನ್‌ನಿಂದ ಕೈಗಿಂತ ಚೆನ್ನಾಗಿ ಮಾತು ಕೇಳುತ್ತಿದೆ.

ದಾವಣಗೆರೆಯ ಗೆಳೆಯ ಕಳೆದ ವರ್ಷ ಸುಮ್ಮನೆ ನನ್ನ ಹಳಿ ಕೇಳಿ ಒಯ್ದ. ಅವನದು 320ರ ಅಟ್ಟೆ. ನಾಲ್ಕು ವಾರ ತಿಣುಕಿ, ಕಾರ್ಖಾನೆಯ ಗೆರೆಗಿಂತ ಅರ್ಧ ಸೆಂ.ಮೀ. ಆಚೀಚೆ ನಿಂತ. "ನೋಡು, ನಾನು ಹೇಳಲಿಲ್ಲವೇ?" ಎಂದು ಈಗ ಅವನೂ ಬೀಗುತ್ತಾನೆ. ಕೊರೆಯುವುದಕ್ಕೆ ಮಾತ್ರ ನನ್ನ ಗ್ಯಾರೇಜಿಗೇ ಬರುತ್ತಾನೆ. ಒಂದು ಜೊತೆಗೆ ಒಂದು ಡಬ್ಬಿ ಕೋಡುಬಳೆ, ಸಾಲ ಇಲ್ಲ.