ಸ್ಟೇಷನ್‌ನಲ್ಲಿ ಕೆಲಸ ನಡೀತಾ ಉಂಟಾ? ಮುಂಬೈ ಲೋಕಲ್‌ನಲ್ಲಿ ದಿನಾ ಹೋಗಿ ಬರುವವರಿಗೆ

ಡೊಂಬಿವಲಿಯಿಂದ ದಾದರ್‌ಗೆ ಹದಿನೆಂಟು ವರ್ಷದಿಂದ ಹೋಗಿ ಬರ್ತಾ ಇದ್ದೇನೆ, ಇಷ್ಟು ವರ್ಷದಲ್ಲಿ ದಾರಿಯ ಒಂದಲ್ಲ ಒಂದು ಸ್ಟೇಷನ್‌ನಲ್ಲಿ ಕೆಲಸ ನಡೀದೇ ಇದ್ದ ದಿನ ನಂಗೆ ನೆನಪಿಲ್ಲ, ಇವತ್ತು ಇಲ್ಲಿ ಬ್ರಿಡ್ಜ್‌ನ ಮೆಟ್ಟಿಲು ಒಡೆದ್ರೆ ನಾಳೆ ಅಲ್ಲಿ ಪ್ಲಾಟ್‌ಫಾರ್ಮ್ ಅಗಲ ಮಾಡ್ತಾರೆ, ಇನ್ನೊಂದು ಕಡೆ ಎಸ್ಕಲೇಟರ್ ಕೂರಿಸ್ಲಿಕ್ಕೆ ಅಂತ ಅರ್ಧ ದಾರಿಗೆ ತಗಡು ಹೊಡೆದಿರ್ತಾರೆ. ಕೆಲಸ ಆಗ್ಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೆಲಸ ಮುಗಿಯುವ ತನಕ ನಾವು ಹೇಗೆ ಹೋಗುದು ಬರುದು ಅಂತ ಯಾರೂ ಕೂತು ಹೇಳಿ ಕೊಡುದಿಲ್ಲ, ಊರಿಂದ ಹೊಸದಾಗಿ ಬಂದ ಮಕ್ಕಳಿಗಂತೂ ಏನೂ ಗೊತ್ತಾಗುದಿಲ್ಲ. ನಮ್ಮ ಬಿಲ್ಡಿಂಗ್‌ನ ಒಬ್ಬ ಹುಡುಗ ಕುಂದಾಪುರದಿಂದ ಬಂದು ಎರಡೇ ವಾರ ಆಗಿತ್ತು, ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದ್ದೇನೆ.

ಮೊದಲು ಒಂದು ವಿಷಯ ಅರ್ಥ ಮಾಡ್ಕೊಳ್ಳಿ. ಇಲ್ಲಿ ದಿನಾ ಓಡಾಡುವವರು ಕಣ್ಣಲ್ಲಿ ದಾರಿ ನೋಡಿ ನಡೆಯುದಿಲ್ಲ, ಕಾಲಿಗೇ ದಾರಿ ಗೊತ್ತಿರ್ತದೆ. ಟ್ರೇನ್ ನಿಲ್ಲುವ ಮೊದಲೇ ಕಾಲು ಹಳೇ ಮೆಟ್ಟಿಲ ಕಡೆ ತಿರುಗಿಯಾಗಿರ್ತದೆ, ತಲೆ ಫೋನ್‌ನಲ್ಲಿ ಇರ್ತದೆ. ಆ ಮೆಟ್ಟಿಲು ಬಂದ್ ಆದ ದಿನ ಎಂತ ಆಗ್ತದೆ ಅಂದ್ರೆ ಮುಂದಿನವರು ತಗಡು ನೋಡಿ ನಿಲ್ತಾರೆ, ಹಿಂದಿನವರಿಗೆ ತಗಡು ಕಾಣುದಿಲ್ಲ, ಅವರು ಬರ್ತಾನೇ ಇರ್ತಾರೆ, ಅಷ್ಟರಲ್ಲಿ ಪಕ್ಕದ ಲೈನ್‌ಗೆ ಇನ್ನೊಂದು ಟ್ರೇನ್ ಬಂದು ಮತ್ತೆ ಸಾವಿರ ಜನ ಇಳೀತಾರೆ. ನಂಗೆ ಒಮ್ಮೆ ಹೀಗೇ ಆಗಿತ್ತು, ಸ್ಟೇಷನ್ ಹೆಸರು ಬೇಡ. ಬೆಳಿಗ್ಗೆ ಒಂಬತ್ತೂ ಕಾಲು, ಹಿಂದಿನ ದಿನ ಸಂಜೆ ತೆರೆದೇ ಇದ್ದ ಮೆಟ್ಟಿಲಿಗೆ ರಾತ್ರಿ ತಗಡು ಬಿದ್ದಿತ್ತು, ನನ್ನ ಎದುರಿಗೆ ಒಬ್ಬರು ವಯಸ್ಸಾದ ಅಮ್ಮ ತರಕಾರಿ ಚೀಲ ಎದೆಗೆ ಅವಚಿಕೊಂಡು "ಥಾಂಬಾ, ಥಾಂಬಾ", ನಿಲ್ಲಿ ನಿಲ್ಲಿ ಅಂತ ಕೂಗ್ತಾ ಇದ್ರು, ಹಿಂದಿನವರಿಗೆ ಅದು ಕೇಳ್ಲೇ ಇಲ್ಲ. ಐದು ನಿಮಿಷದಲ್ಲಿ ಸಡಿಲ ಆಯ್ತು, ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಅವತ್ತಿಂದ ನಾನು ಈ ವಿಷಯ ಹಗುರ ಮಾಡ್ಲಿಲ್ಲ.

ಹಗುರ ಮಾಡ್ಬಾರದು ಯಾಕೆ ಅಂತ ಮುಂಬೈಯವರಿಗೆ ಹೇಳ್ಬೇಕಾಗಿಲ್ಲ. 2017 ಸೆಪ್ಟೆಂಬರ್ 29, ಆಯುಧ ಪೂಜೆಯ ದಿನ, ದಸರಾದ ಹಿಂದಿನ ದಿನ, ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್‌ನ ಇಕ್ಕಟ್ಟಾದ ಬ್ರಿಡ್ಜ್‌ನಲ್ಲಿ ಬೆಳಿಗ್ಗೆ ಮಳೆ ಬಂತು ಅಂತ ಜನ ಕೆಳಗೆ ಇಳೀದೆ ಮೇಲೇ ನಿಂತ್ರು, ಟ್ರೇನ್ ಮೇಲೆ ಟ್ರೇನ್ ಬಂದು ಜನ ಹತ್ತುತ್ತಾನೇ ಹೋದ್ರು, ನೂಕುನುಗ್ಗಲಿನಲ್ಲಿ 23 ಜನ ತೀರಿ ಹೋದ್ರು. ಆಮೇಲೆ ಸೇನೆಯವರೇ ಬಂದು ಅಲ್ಲಿ, ಕರಿ ರೋಡ್‌ನಲ್ಲಿ, ಅಂಬಿವಲಿಯಲ್ಲಿ ಹೊಸ ಬ್ರಿಡ್ಜ್ ಕಟ್ಟಿ ಕೊಟ್ರು, 2018 ಫೆಬ್ರವರಿಯಲ್ಲಿ ತೆರೆದ್ರು. ಈಗ ಆ ಸ್ಟೇಷನ್ ಹೆಸರು ಪ್ರಭಾದೇವಿ. ಇವತ್ತು ಎಲ್ಲಾ ಕಡೆ ಅಗಲದ ಬ್ರಿಡ್ಜ್, ಮೇಲ್ಗಡೆ ಡೆಕ್, ಹೊಸ ಮೆಟ್ಟಿಲು ಅಂತ ಕೆಲಸ ನಡೀತಾ ಇರುವುದರ ಹಿಂದೆ ಆ ದಿನವೂ ಉಂಟು.

ಸರಿ, ಏನು ಮಾಡ್ಬೇಕು?

ಭಾನುವಾರ ಒಮ್ಮೆ ಖಾಲಿ ನಡೆದು ನೋಡಿ

ಇದೊಂದು ಮಾಡಿದ್ರೆ ಅರ್ಧ ತೊಂದರೆ ಕಡಿಮೆ, ಅದಕ್ಕೆ ಇದನ್ನೇ ಉದ್ದ ಬರೀತೇನೆ. ನಿಮ್ಮ ಸ್ಟೇಷನ್‌ನಲ್ಲಿ ಯಾವುದೋ ಮೆಟ್ಟಿಲು ಬಂದ್ ಆಗ್ತದೆ ಅಂತ ಬೋರ್ಡ್ ಕಂಡ್ರೆ ಆ ವಾರದ ಭಾನುವಾರ ಸಂಜೆ ಹಾಲು ತರ್ಲಿಕ್ಕೆ ಹೋಗುವಾಗ ಸ್ಟೇಷನ್ ತನಕ ಹೋಗಿ, ಪ್ಲಾಟ್‌ಫಾರ್ಮ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬನ್ನಿ, ಪಾಸ್ ಇರುವವರಿಗೆ ಖರ್ಚೂ ಇಲ್ಲ. ಹನ್ನೆರಡು ಡಬ್ಬಿಯ ಟ್ರೇನ್ ಅಂದ್ರೆ ಹತ್ತಿರ ಹತ್ತಿರ ಕಾಲು ಕಿಲೋಮೀಟರ್ ಉದ್ದ, ಹಾಗಾಗಿ ಯಾವ ಡಬ್ಬಿಯಲ್ಲಿ ಇಳೀತೀರಿ ಅನ್ನುವುದರ ಮೇಲೆ ಐದು ನಿಮಿಷ ಹೆಚ್ಚು ಕಡಿಮೆ ಆಗ್ತದೆ. ತೆರೆದಿರುವ ಮೆಟ್ಟಿಲು ಎಷ್ಟನೇ ಡಬ್ಬಿಯ ಎದುರಿಗೆ ಬರ್ತದೆ, ಕಲ್ಯಾಣ್ ತುದಿಯದ್ದಾ ಸಿಎಸ್‌ಎಂಟಿ (ಸೆಂಟ್ರಲ್ ಲೈನ್‌ನ ಕೊನೆಯ ಸ್ಟೇಷನ್, ಹಳೇ ವಿಟಿ) ತುದಿಯದ್ದಾ, ಅದು ಈಸ್ಟ್‌ಗೆ ಇಳೀತದಾ ವೆಸ್ಟ್‌ಗೆ ಇಳೀತದಾ, ಟಿಕೆಟ್ ಕಿಟಕಿ ಹತ್ರ ಬರ್ತದಾ ಇಲ್ಲ ದೂರ ರಿಕ್ಷಾ ಸ್ಟ್ಯಾಂಡ್ ಹತ್ರ ಹೊರಗೆ ಹಾಕ್ತದಾ, ಎಲ್ಲಾ ನೋಡಿ ಇಟ್ಕೊಳ್ಳಿ. ಆಮೇಲೆ ಹತ್ತುವ ಡಬ್ಬಿಯನ್ನು ಹಾಗೆ ಬದಲಿಸಿ. ಇಷ್ಟು ವರ್ಷ ಒಂದೇ ಡಬ್ಬಿ, ಒಂದೇ ಗುಂಪು, ಅಲ್ಲೇ ಹುಟ್ಟುಹಬ್ಬ ಅಲ್ಲೇ ಭಜನೆ ಅಂತ ಇದ್ದವರಿಗೆ ಕಷ್ಟ ಆಗ್ತದೆ, ಗೊತ್ತು, ಆದ್ರೂ ಬದಲಿಸಿ.

ಮತ್ತೆ ಒಂದು. ತೆರೆದ ಮೆಟ್ಟಿಲಿನ ಸರೀ ಎದುರಿನ ಡಬ್ಬಿ ಬೇಡ. ಎಲ್ಲರೂ ಅದಕ್ಕೇ ಬರ್ತಾರೆ. ಎರಡು ಡಬ್ಬಿ ಆಚೆ ಇಳಿದು, ಪ್ಲಾಟ್‌ಫಾರ್ಮ್‌ನ ಕಂಬದ ಹತ್ರ ಎರಡು ನಿಮಿಷ ನಿಲ್ಲಿ, ಬಂದ ಟ್ರೇನ್‌ನ ಜನ ಹತ್ತಿ ಹೋದ ಮೇಲೆ ಆರಾಮಾಗಿ ಹತ್ತಿ. ಒಟ್ಟು ಲೆಕ್ಕ ಹಾಕಿದ್ರೆ ನೂಕಿಕೊಂಡು ಹೋದವರಿಗೂ ನಿಮಗೂ ಒಂದು ನಿಮಿಷದ ವ್ಯತ್ಯಾಸವೂ ಇರುದಿಲ್ಲ.

ಬೋರ್ಡ್ ಓದ್ಲಿಕ್ಕೆ, ಅನೌನ್ಸ್‌ಮೆಂಟ್ ಕೇಳ್ಲಿಕ್ಕೆ

ಮರಾಠಿ ಬಾರದವರು ಇಷ್ಟು ಶಬ್ದ ಕಲ್ತ್ರೆ ಸಾಕು. ಪಾದಚಾರಿ ಪೂಲ ಅಂದ್ರೆ ಜನ ನಡೆಯುವ ಬ್ರಿಡ್ಜ್, ಜಿನಾ ಅಂದ್ರೆ ಮೆಟ್ಟಿಲು, ಸರಕತಾ ಜಿನಾ ಅಂದ್ರೆ ಎಸ್ಕಲೇಟರ್, ಪರ್ಯಾಯೀ ಮಾರ್ಗ ನಮ್ಮದೇ ಶಬ್ದ. ಜಲದ್ ಅಂದ್ರೆ ಫಾಸ್ಟ್, ಕೆಲವೇ ಸ್ಟೇಷನ್‌ನಲ್ಲಿ ನಿಲ್ಲುವಂಥದ್ದು, ಧೀಮಿ ಅಂದ್ರೆ ಸ್ಲೋ, ಎಲ್ಲಾ ಕಡೆ ನಿಲ್ಲುವಂಥದ್ದು, "ಥಾಂಬಣಾರ್ ನಾಹೀ" ಅಂತ ಕೇಳಿದ್ರೆ ಆ ಟ್ರೇನ್ ಅಲ್ಲಿ ನಿಲ್ಲುದಿಲ್ಲ ಅಂತ, ಈ ಕೊನೆಯದ್ದು ಎಲ್ಲಕ್ಕಿಂತ ಮುಖ್ಯ.

ನಂಬರ್ ಬದಲಾದ್ರೆ ಹಳಬರಿಗೂ ಗೊಂದಲ ಆಗ್ತದೆ. ದಾದರ್‌ನಲ್ಲಿ ಮೊದಲು ವೆಸ್ಟರ್ನ್ ಲೈನ್‌ನಲ್ಲೂ ಒಂದನೇ ನಂಬರ್ ಪ್ಲಾಟ್‌ಫಾರ್ಮ್, ಸೆಂಟ್ರಲ್ ಲೈನ್‌ನಲ್ಲೂ ಒಂದನೇ ನಂಬರ್ ಇತ್ತು. 2023 ಡಿಸೆಂಬರ್ 9ರಿಂದ ವೆಸ್ಟರ್ನ್‌ನದ್ದು 1ರಿಂದ 7, ಸೆಂಟ್ರಲ್‌ನದ್ದು 8ರಿಂದ 14. ಸೆಂಟ್ರಲ್‌ನ ಹಳೇ ಒಂದು ಈಗ ಎಂಟು, ಅದನ್ನು ಅಗಲ ಮಾಡಿದಾಗ ಹಳೇ ಎರಡು ಹೋಗಿಯೇ ಹೋಯ್ತು. ಈಗಲೂ ಕೆಲವರು "ದಾದರ್ ಒಂದನೇ ನಂಬರ್‌ನಲ್ಲಿ ನಿಲ್ತೇನೆ" ಅಂತ ಫೋನ್‌ನಲ್ಲಿ ಹೇಳಿ ಊರಿಂದ ಬಂದವರನ್ನು ಅಲೆದಾಡಿಸ್ತಾರೆ. ದಯವಿಟ್ಟು ಹೊಸ ನಂಬರ್ ಹೇಳಿ, ಜೊತೆಗೆ ಸೆಂಟ್ರಲ್ ಅಂತಲೂ ಹೇಳಿ.

ಮೆಗಾ ಬ್ಲಾಕ್

ಭಾನುವಾರದ ಮೆಗಾ ಬ್ಲಾಕ್, ಅಂದ್ರೆ ರಿಪೇರಿಗೆ ಅಂತ ಕೆಲವು ಗಂಟೆ ಲೈನ್ ಬಂದ್ ಮಾಡುದು, ಹಳೇ ಕಥೆ, ವೆಸ್ಟರ್ನ್‌ನವರು ಜಂಬೋ ಬ್ಲಾಕ್ ಅಂತಾರೆ. ಶನಿವಾರದ ಪೇಪರ್‌ನಲ್ಲಿ ಬರ್ತದೆ, ಎಂ-ಇಂಡಿಕೇಟರ್ ಅನ್ನುವ ಫೋನ್ ಆ್ಯಪ್‌ನಲ್ಲೂ ಸಿಗ್ತದೆ. ಸೆಂಟ್ರಲ್ ಮೇನ್ ಲೈನ್‌ನಲ್ಲಿ ಹೆಚ್ಚಾಗಿ ಮಾಟುಂಗಾ ಮುಲುಂಡ್ ನಡುವೆ, ಬೆಳಿಗ್ಗೆ 11ರ ನಂತರ ಮಧ್ಯಾಹ್ನ ಸುಮಾರು 4ರ ತನಕ. ಅದರಲ್ಲಿ ನೋಡ್ಬೇಕಾದ್ದು ಒಂದೇ, ಬ್ಲಾಕ್ ಫಾಸ್ಟ್ ಲೈನ್‌ಗಾ ಸ್ಲೋ ಲೈನ್‌ಗಾ. ಫಾಸ್ಟ್ ಬಂದ್ ಆದ್ರೆ ಫಾಸ್ಟ್ ಗಾಡಿಗಳು ಸ್ಲೋ ಲೈನ್‌ಗೆ ಬರ್ತವೆ, ಸ್ವಲ್ಪ ಲೇಟ್, ಅಷ್ಟೇ. ಸ್ಲೋ ಬಂದ್ ಆದ್ರೆ ತೊಂದರೆ ಹೆಚ್ಚು, ಸ್ಲೋ ಗಾಡಿಗಳು ಫಾಸ್ಟ್ ಲೈನ್‌ನಲ್ಲಿ ಹೋಗ್ತವೆ, ಆಗ ವಿದ್ಯಾವಿಹಾರ್, ಕಾಂಜುರ್‌ಮಾರ್ಗ್, ನಾಹೂರ್‌ನಲ್ಲಿ ನಿಲ್ಲುದಿಲ್ಲ. ಅಲ್ಲಿ ಮನೆ ಇರುವವರು ಘಾಟ್‌ಕೋಪರ್, ಭಾಂಡುಪ್ ಅಥವಾ ಮುಲುಂಡ್‌ನಲ್ಲಿ ಇಳಿದು ಬಸ್ಸೋ ರಿಕ್ಷಾವೋ ಹಿಡೀಬೇಕು. ಹಾರ್ಬರ್ ಲೈನ್‌ನಲ್ಲಿ ಬ್ಲಾಕ್ ಇದ್ರೆ ಅಲ್ಲಿನ ಪಾಸ್‌ನವರಿಗೆ ಮೇನ್ ಲೈನ್‌ನಲ್ಲೋ ವೆಸ್ಟರ್ನ್‌ನಲ್ಲೋ ಹೋಗ್ಲಿಕ್ಕೆ ಬಿಡ್ತಾರೆ, ಆದ್ರೆ ಎಲ್ಲಿಂದ ಎಲ್ಲಿಗೆ ಅಂತ ಆ ವಾರದ ನೋಟಿಸ್‌ನಲ್ಲಿ ಬರೆದಿರ್ತದೆ, ಓದಿ ಹೋಗಿ.

ಇದರಲ್ಲಿ ನಮ್ಮವರಿಗೊಂದು ಮಾತು. ನಮ್ಮ ಕಾರ್ಯಕ್ರಮ ಎಲ್ಲ ಇರುವುದೇ ಭಾನುವಾರ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ, ಕುರ್ಲಾದ ಬಂಟರ ಭವನದಲ್ಲಿ ಮದುವೆ, ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲಿ ಸನ್ಮಾನ. ಹನ್ನೊಂದೂವರೆಗೆ ಮುಹೂರ್ತ ಇಟ್ಟು ಕಲ್ಯಾಣ್ ಅಂಬರನಾಥ್‌ನಿಂದ ಅಜ್ಜ ಅಜ್ಜಿಯರನ್ನು ಬ್ಲಾಕ್‌ನ ರಶ್‌ನಲ್ಲಿ ಕರೆಸ್ಬೇಡಿ, ಸಭಾ ಕಾರ್ಯಕ್ರಮವನ್ನಾದ್ರೂ ಸಂಜೆ ಐದಕ್ಕೆ ಇಡಿ. ಮುಹೂರ್ತ ಬದಲಿಸ್ಲಿಕ್ಕೆ ಆಗದಿದ್ರೆ ಆಮಂತ್ರಣ ಕೊಡುವಾಗಲೇ "ಹತ್ತೂವರೆಯ ಒಳಗೆ ಸ್ಟೇಷನ್ ಇಳಿದುಬಿಡಿ" ಅಂತ ಹೇಳಿ.

ದೊಡ್ಡ ಬ್ಲಾಕ್ ಬೇರೆ. 2024ರ ಮೇ ಕೊನೆಗೆ ಠಾಣೆಯಲ್ಲಿ 5 ಮತ್ತು 6ನೇ ಪ್ಲಾಟ್‌ಫಾರ್ಮ್ ಅಗಲ ಮಾಡ್ಲಿಕ್ಕೆ 63 ಗಂಟೆ, ಸಿಎಸ್‌ಎಂಟಿಯಲ್ಲಿ 10 ಮತ್ತು 11ನೇದ್ದು ಉದ್ದ ಮಾಡ್ಲಿಕ್ಕೆ 36 ಗಂಟೆ ಬ್ಲಾಕ್ ತಗೊಂಡಿದ್ರು, ಒಂಬೈನೂರಕ್ಕೂ ಹೆಚ್ಚು ಲೋಕಲ್ ರದ್ದಾಗಿತ್ತು. ಅಂಥ ದಿನ ಜಾಣತನ ತೋರಿಸ್ಬೇಡಿ. ರಜೆ ಹಾಕಿ, ಇಲ್ಲಾಂದ್ರೆ ಮನೆಯಿಂದ ಕೆಲಸ ಕೇಳಿ, ಅದೂ ಇಲ್ಲಾಂದ್ರೆ ದಾದರ್ ಮಾಟುಂಗಾ ಕಡೆ ಸಂಬಂಧಿಕರ ಮನೆಯಲ್ಲಿ ಒಂದು ರಾತ್ರಿ ಉಳೀರಿ.

ಪಕ್ಕದ ಸ್ಟೇಷನ್

ಮುಂಬೈಯಲ್ಲಿ ಸ್ಟೇಷನ್‌ಗಳು ಹತ್ತಿರ ಹತ್ತಿರ, ಇದನ್ನು ಉಪಯೋಗಿಸಿ. ಪರೇಲ್ ಮತ್ತು ಪ್ರಭಾದೇವಿ ಒಂದೇ ಬ್ರಿಡ್ಜ್‌ನ ಎರಡು ತುದಿ, ಕರಿ ರೋಡ್‌ನಿಂದ ಲೋವರ್ ಪರೇಲ್ ನಡೆಯುವ ದೂರ, ಮಾಟುಂಗಾದಲ್ಲಂತೂ ಸೆಂಟ್ರಲ್‌ನ ಮಾಟುಂಗಾ, ವೆಸ್ಟರ್ನ್‌ನ ಮಾಟುಂಗಾ ರೋಡ್, ಹಾರ್ಬರ್‌ನ ಕಿಂಗ್ಸ್ ಸರ್ಕಲ್ ಅಂತ ಮೂರು, ನಡುವೆ ಜೆಡ್ ಬ್ರಿಡ್ಜ್ ಅನ್ನುವ ನಡೆಯುವ ಬ್ರಿಡ್ಜ್. ದಾದರ್‌ನಲ್ಲಿ ಕೆಲಸ ಜೋರಾಗಿದ್ದ ತಿಂಗಳು ನಾನು ಒಂದು ಸ್ಟೇಷನ್ ಮೊದಲೇ ಸ್ಲೋದಲ್ಲಿ ಮಾಟುಂಗಾಕ್ಕೆ ಇಳಿದು ನಡೀತಿದ್ದೆ, ಬೆಳಿಗ್ಗೆ ಹೊತ್ತು ಹೂವಿನವರ ಎದುರಿಂದ, ಕಾಫಿ ಪರಿಮಳದ ನಡುವೆ, ಆ ಇಪ್ಪತ್ತು ನಿಮಿಷ ನಂಗೆ ಖುಷಿಯೇ ಆಗಿತ್ತು. ಪಾಸ್ ಬಗ್ಗೆ ಜಾಗ್ರತೆ. ಪಾಸ್‌ನ ದಾರಿಯಲ್ಲಿ ಬರುವ ಯಾವ ಸ್ಟೇಷನ್‌ನಲ್ಲಿ ಇಳಿದ್ರೂ ತೊಂದರೆ ಇಲ್ಲ, ಆದ್ರೆ ಡೊಂಬಿವಲಿ ದಾದರ್ ಪಾಸ್ ಇಟ್ಕೊಂಡು ಪರೇಲ್ ತನಕ ಹೋಗಿ ಇಳಿದ್ರೆ ಅದು ಟಿಕೆಟ್ ಇಲ್ಲದ ಪ್ರಯಾಣ, ಟಿಸಿ ಹಿಡಿದ್ರೆ ಕಡಿಮೆ ಅಂದ್ರೂ 250 ರೂಪಾಯಿ ದಂಡ, ಮೇಲೆ ಟಿಕೆಟ್ ದುಡ್ಡು. ಬಂದ್ ಆದ ಬ್ರಿಡ್ಜ್ ಕಾರಣ ಅಂತ ಅವರು ಕೇಳುದಿಲ್ಲ.

ಈಗ ಮೆಟ್ರೋ 3 ಕೂಡ ಉಂಟು, 2025 ಅಕ್ಟೋಬರ್‌ನಿಂದ ಆರೆಯಿಂದ ಕಫ್ ಪರೇಡ್ ತನಕ ಪೂರ್ತಿ ಓಡ್ತದೆ, 27 ಸ್ಟೇಷನ್. ಘಾಟ್‌ಕೋಪರ್‌ನಿಂದ ಅಂಧೇರಿ ಕಡೆ ಹೋಗುವವರಿಗೆ 2014ರಿಂದ ಮೆಟ್ರೋ 1 ಇದ್ದೇ ಉಂಟು. ದಿನಾ ಕಷ್ಟ, ದುಡ್ಡು ಹೆಚ್ಚಾಗ್ತದೆ, ಬ್ಲಾಕ್ ದಿನಕ್ಕೆ ಒಳ್ಳೇದು.

ಊರಿಂದ ಕಾಯಿಲೆಯವರು ಬಂದ್ರೆ

ನಮ್ಮ ಕಡೆಯಿಂದ ಟಾಟಾ ಆಸ್ಪತ್ರೆಗೆ, ಕೆಇಎಂಗೆ ಬರುವವರು ತುಂಬಾ ಜನ. ಪರೇಲ್ ಪ್ರಭಾದೇವಿ ನಡುವಿನ ಹಳೇ ಎಲ್ಫಿನ್‌ಸ್ಟನ್ ರೋಡ್ ಬ್ರಿಡ್ಜ್, ಗಾಡಿ ಹೋಗುವಂಥದ್ದು, 2025 ಸೆಪ್ಟೆಂಬರ್ 12ರಂದು ಒಡೆದು ಹೊಸದು ಕಟ್ಲಿಕ್ಕೆ ಬಂದ್ ಮಾಡಿದ್ರು. ಆ ಕೆಲಸ ಮುಗಿಯುವ ತನಕ ಪ್ರಭಾದೇವಿ ಕಡೆ ಇಳಿದು ಟ್ಯಾಕ್ಸಿ ಹಿಡಿದ್ರೆ ಸುತ್ತಿ ಬರ್ಬೇಕು. ಕಾಯಿಲೆಯವರನ್ನು ಕರ್ಕೊಂಡು ಹೋಗುವುದಾದ್ರೆ ಸೆಂಟ್ರಲ್‌ನ ಪರೇಲ್‌ನಲ್ಲೇ ಇಳಿದು ಈಸ್ಟ್ ಕಡೆ ಹೊರಗೆ ಬನ್ನಿ, ಆಸ್ಪತ್ರೆ ಎರಡೂ ಆ ಕಡೆಗೇ. ಹೋಗುವ ಮೊದಲು ಲಿಫ್ಟ್ ನಡೀತದಾ ಅಂತ ಯಾರನ್ನಾದ್ರೂ ಕಳಿಸಿ ನೋಡಿಸಿ, ಹತ್ತರ ಮೊದಲು ಹೊರಡ್ಬೇಡಿ. ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಿ ಬೇರೆಯೇ ಉಂಟು, ಕ್ಯಾನ್ಸರ್ ರೋಗಿಗಳಿಗೂ ಅದರಲ್ಲಿ ಹತ್ತಲಿಕ್ಕೆ ಅವಕಾಶ ಉಂಟು, ಆಸ್ಪತ್ರೆ ಕಾಗದ ಕೈಯಲ್ಲಿ ಇರ್ಲಿ. ಇದು ಗೊತ್ತಿಲ್ಲದೆ ಎಷ್ಟೋ ಜನ ಜನರಲ್ ಡಬ್ಬಿಯ ಬಾಗಿಲಲ್ಲಿ ನೇತಾಡಿದ್ದು ನೋಡಿದ್ದೇನೆ, ಹೊಟ್ಟೆ ಉರೀತದೆ.

ಹಳಿ ದಾಟಬೇಡಿ

ಬ್ರಿಡ್ಜ್ ದೂರ ಆಯ್ತು ಅಂತ ಹಳಿಗೆ ಇಳಿಯುವವರು ಕೆಲಸ ನಡೆಯುವಾಗಲೇ ಜಾಸ್ತಿ. ಕಾನೂನಿನ ಪ್ರಕಾರ 1000 ರೂಪಾಯಿ ತನಕ ದಂಡ, ಆರು ತಿಂಗಳ ತನಕ ಜೈಲೂ ಆಗ್ಬಹುದು, ಅದು ಬಿಡಿ. ಬ್ಲಾಕ್ ಸಮಯದಲ್ಲಿ ಗಾಡಿ ಎಂದಿನ ಲೈನ್‌ನಲ್ಲಿ ಬರುದಿಲ್ಲ, ಸ್ಲೋ ಲೈನ್‌ನಲ್ಲಿ ಫಾಸ್ಟ್ ಬರ್ತದೆ, ನೀವು ಒಂದು ಕಡೆ ನೋಡ್ತಾ ಇದ್ರೆ ಗಾಡಿ ಇನ್ನೊಂದು ಕಡೆಯಿಂದ ಬಂದಿರ್ತದೆ. ಹದಿನೆಂಟು ವರ್ಷದ ಅಂದಾಜು ಅವತ್ತು ಕೆಲಸಕ್ಕೆ ಬರುದಿಲ್ಲ.

ಮಳೆಗಾಲದಲ್ಲಿ ಇನ್ನೂ ಜಾಗ್ರತೆ. ಟೈಲ್ಸ್ ಕಿತ್ತ ಜಾಗ, ಗುಂಡಿ ಮೇಲೆ ಹಾಸಿದ ಕಬ್ಬಿಣದ ತಗಡು ಒದ್ದೆ ಆದ್ರೆ ಜಾರ್ತದೆ, ಹಿಡಿತ ಇರುವ ಚಪ್ಪಲಿ ಹಾಕಿ, ಹೀಲ್ಸ್ ಬ್ಯಾಗ್‌ನಲ್ಲಿ ಇರ್ಲಿ. ಮಳೆ ಬಂತು ಅಂತ ಬ್ರಿಡ್ಜ್ ಮೇಲೆ, ಮೆಟ್ಟಿಲ ಬಾಯಿಯಲ್ಲಿ ಕೊಡೆ ಬಿಡಿಸ್ಲಿಕ್ಕೆ ನಿಲ್ಲಬೇಡಿ. ನೆನೆದ್ರೂ ಪರವಾಗಿಲ್ಲ, ಕೆಳಗೆ ಇಳಿದು ಬದಿಗೆ ಹೋಗಿ ಬಿಡಿಸಿ. 2017ರಲ್ಲಿ ಆದದ್ದು ನೆನಪಿರ್ಲಿ.

ದೀಪ ಇಲ್ಲ, ಸಲಾಕೆ ಹೊರಗೆ ಚಾಚಿದೆ, ಬೋರ್ಡ್ ಇಲ್ಲದೆ ದಾರಿ ಮುಚ್ಚಿದ್ದಾರೆ ಅಂತ ಕಂಡ್ರೆ ಫೋಟೋ ತೆಗೆದು ರೈಲ್ವೆಯ ದೂರಿನ ಆ್ಯಪ್ ರೈಲ್ ಮದದ್‌ನಲ್ಲಿ ಹಾಕಿ, ಇಲ್ಲಾಂದ್ರೆ 139ಕ್ಕೆ ಫೋನ್ ಮಾಡಿ. ಸ್ಟೇಷನ್ ಹೆಸರು, ಪ್ಲಾಟ್‌ಫಾರ್ಮ್ ನಂಬರ್, ಯಾವ ತುದಿಯ ಮೆಟ್ಟಿಲು ಅಂತ ಸರಿಯಾಗಿ ಬರೀರಿ. ನಾನು ಒಮ್ಮೆ ಮೆಟ್ಟಿಲ ಹತ್ರದ ಸಲಾಕೆ ಬಗ್ಗೆ ಹಾಕಿದ್ದೆ, ಮೂರನೇ ದಿನ ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ರು, ವಾರದಲ್ಲಿ ಕತ್ತರಿಸಿದ್ರು.

ಕೊನೆಗೆ ಹೊಸ ಬ್ರಿಡ್ಜ್ ತೆರೀತಾರಲ್ಲ, ಆ ಮೊದಲ ವಾರ ಜನ ಅಭ್ಯಾಸದಲ್ಲಿ ಹಳೇ ಮೆಟ್ಟಿಲಿಗೇ ಹೋಗ್ತಾ ಇರ್ತಾರೆ, ಹೊಸದು ಖಾಲಿ ಇರ್ತದೆ. ಮತ್ತೆ ಒಂದು ಭಾನುವಾರ ನಡೆದು ನೋಡಿ, ಸೋಮವಾರದಿಂದ ಹೊಸದರಲ್ಲೇ ಹೋಗಿ, ಡಬ್ಬಿಯ ಗುಂಪಿಗೂ ಹೇಳಿ.